ಮಾರ್ಖಾ ಕಣಿವೆಗೆ ಏಳು ಜನ ಹೊರಟಿದ್ದೇವೆ, ಡಯಾಮಾಕ್ಸ್ ಇದ್ದರೆ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆಯ ಏಳು ಜನ ಆಗಸ್ಟ್‌ನಲ್ಲಿ ಲಡಾಖ್‌ನ ಮಾರ್ಖಾ ವ್ಯಾಲಿ ಟ್ರೆಕ್ ಮಾಡಬೇಕು ಅಂತ ಇದ್ದೇವೆ. ಆರು ಜನ ಮೂವತ್ತೈದರ ಒಳಗಿನವರು. ಏಳನೆಯವರು ನನ್ನ ಚಿಕ್ಕಪ್ಪ, 54 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ, ಆದರೆ ದಿನಾ ಬೆಳಿಗ್ಗೆ ಆರು ಕಿಲೋಮೀಟರ್ ನಡೀತಾರೆ. ಒಬ್ಬನಿಗೆ ಸ್ವಲ್ಪ ಆಸ್ತಮಾ ಇದೆ. ಇನ್ನೊಬ್ಬ ಮ್ಯಾರಥಾನ್ ಓಡ್ತಾನೆ. ಹೋದ ವರ್ಷ ಹಂಪ್ಟಾ ಪಾಸ್‌ನಲ್ಲಿ ಅವನಿಗೇ ತಲೆನೋವು, ವಾಂತಿ ಆಗಿದ್ದು ನಮಗೆಲ್ಲ ಆಶ್ಚರ್ಯ. ಪ್ಲಾನ್ ಹೀಗಿದೆ: ಶನಿವಾರ ಬೆಳಿಗ್ಗೆ ವಿಮಾನದಲ್ಲಿ ಲೇಹ್, ಭಾನುವಾರ ಕಾರಿನಲ್ಲಿ ಖರ್ದುಂಗ್ ಲಾ, ಸೋಮವಾರ ಚಿಲ್ಲಿಂಗ್‌ನಿಂದ ನಡಿಗೆ ಶುರು. ಸ್ಕಿಯು, ಮಾರ್ಖಾ, ಹಂಕರ್, ನಿಮಾಲಿಂಗ್‌ನಲ್ಲಿ ಒಂದೊಂದು ರಾತ್ರಿ. ಶುಕ್ರವಾರ ಕೊಂಗ್ಮಾರು ಲಾ ಪಾಸ್ ದಾಟಿ ಲೇಹ್, ಶನಿವಾರ ಶಾಪಿಂಗ್, ಭಾನುವಾರ ವಾಪಸ್. ಗೈಡ್ ಇಲ್ಲ, ನಮ್ಮ ಬ್ಯಾಗ್ ನಾವೇ ಹೊರ್ತೇವೆ. ತಯಾರಿಗೆ ಎರಡು ಸಲ ಕುಮಾರಪರ್ವತ ಹತ್ತಿ ಬಂದಿದ್ದೇವೆ. ಎಲ್ಲರೂ ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ತಗೊಂಡು, ಎರಡು ಆಕ್ಸಿಜನ್ ಕ್ಯಾನ್, ಕರ್ಪೂರ ಇಟ್ಟುಕೊಂಡರೆ ಸಾಕಾ? ಯಾರಿಗಾದರೂ ಹುಷಾರಿಲ್ಲ ಅಂದ್ರೆ ಅವರನ್ನು ಹೋಂಸ್ಟೇಯಲ್ಲಿ ಬಿಟ್ಟು ಉಳಿದವರು ಮುಂದೆ ಹೋಗೋದು ಅಂತ ಮಾತಾಡಿಕೊಂಡಿದ್ದೇವೆ. ಸರಿ ತಾನೇ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಪತ್ರ ಓದುವಾಗ ನನಗೆ ಹೆದರಿಕೆ ಆಗಿದ್ದು ಅಲ್ಲೇ. ಇಲ್ಲ, ಅದು ಸರಿಯಲ್ಲ. ಮಾರ್ಖಾ ಟ್ರೆಕ್ ಹೋದ ದಾರಿಯಲ್ಲೇ ವಾಪಸ್ ಬರುವಂಥದ್ದಲ್ಲ, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವಂಥದ್ದು. ಹಂಕರ್‌ನಲ್ಲಿ ಬಿಟ್ಟು ಹೋದ ಗೆಳೆಯನನ್ನು ನೀವು ಮತ್ತೆ ನೋಡುವುದು ಲೇಹ್‌ನಲ್ಲಿ, ಅದೂ ಅವನು ಒಬ್ಬನೇ ಹಿಂದಕ್ಕೆ ಬಂದರೆ. ಕಣಿವೆಯೊಳಗೆ ಫೋನ್ ನೆಚ್ಚಿಕೊಳ್ಳುವ ಹಾಗಿಲ್ಲ. ಎತ್ತರದ ಕಾಯಿಲೆ ಸಂಜೆ ತಲೆನೋವಾಗಿ ಶುರುವಾಗಿ ಬೆಳಗಾಗುವಷ್ಟರಲ್ಲಿ ಎದ್ದು ನಿಲ್ಲಲಾಗದ ಸ್ಥಿತಿಗೆ ಹೋಗಬಹುದು. ಹಾಗೆ ಆದಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಅವನಿಗೆ ತಾನು ಹುಷಾರಿಲ್ಲ ಅನ್ನುವುದೂ ಗೊತ್ತಾಗುವುದಿಲ್ಲ. ಹೋಂಸ್ಟೇ ಅಮ್ಮ ಒಳ್ಳೆಯವರೇ, ಆದರೆ ಅವರು ನರ್ಸ್ ಅಲ್ಲ, ಆಗಸ್ಟ್ ಅಂದ್ರೆ ಅವರಿಗೆ ಹೊಲದ ಕೆಲಸದ ಕಾಲ.

ನೀವು ಮಾತ್ರೆ ಬಗ್ಗೆ ಕೇಳಿದ್ದೀರಿ. ನನ್ನ ಪ್ರಕಾರ ನಿಮ್ಮ ಪ್ಲಾನ್‌ನಲ್ಲಿ ತೊಂದರೆ ಇರುವುದು ಎರಡು ಕಡೆ: ಕ್ಯಾಲೆಂಡರ್‌ನಲ್ಲಿ, ಮತ್ತು ಏಳು ಜನ ನಿಮ್ಮೊಳಗೆ ಮಾಡಿಕೊಂಡಿರುವ ಒಪ್ಪಂದದಲ್ಲಿ. ಮಾತ್ರೆ ಆಮೇಲೆ.

ಮೊದಲು ದೇಹದ ಕಥೆ ಸ್ವಲ್ಪ ನೋಡೋಣ. ಮೇಲೆ ಹೋದಂತೆ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಕಡಿಮೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವಲ್ಲ. ದಾವಣಗೆರೆಯಲ್ಲೂ ಶೇಕಡ 21, ನಿಮಾಲಿಂಗ್‌ನಲ್ಲೂ 21. ಕಡಿಮೆ ಆಗುವುದು ಗಾಳಿಯ ಒತ್ತಡ. ಲೇಹ್ ಇರುವ 3,500 ಮೀಟರ್‌ನಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 65, ಕೊಂಗ್ಮಾರು ಲಾ ಇರುವ 5,200ರ ಆಸುಪಾಸಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ಒಂದೊಂದು ಉಸಿರಿಗೂ ಒಳಗೆ ಸೇರುವ ಆಕ್ಸಿಜನ್ ಅಷ್ಟು ಕಡಿಮೆ. ದೇಹ ಇದಕ್ಕೆ ಮೊದಲು ಮಾಡುವ ಕೆಲಸ ಜಾಸ್ತಿ ಉಸಿರಾಡುವುದು. ಜಾಸ್ತಿ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಆಗ ಮೆದುಳು "ಸಾಕು, ನಿಧಾನಕ್ಕೆ ಉಸಿರಾಡು" ಅನ್ನುತ್ತದೆ. ಈ ಜಗಳ ಬಗೆಹರಿಸುವುದು ಕಿಡ್ನಿ. ಅದು ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ಸಮ ಮಾಡುತ್ತದೆ, ಆದರೆ ಅದಕ್ಕೆ ಎರಡು ಮೂರು ದಿನ ಬೇಕು. ಹೊಂದಿಕೊಳ್ಳುವುದು ಅಂದರೆ ಮುಖ್ಯವಾಗಿ ಇದು. ನಿಮ್ಮ ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹಾಗಾಗಿ ನಿಮ್ಮ ಮ್ಯಾರಥಾನ್ ಗೆಳೆಯನ ವಿಷಯದಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. 1962ರ ಚೀನಾ ಯುದ್ಧದ ಹೊತ್ತಿಗೆ ನಮ್ಮ ಸೈನಿಕರನ್ನು ಬಯಲಿನಿಂದ ಒಂದೇ ಸಲ ಹಿಮಾಲಯಕ್ಕೆ ಕಳಿಸಬೇಕಾಗಿ ಬಂತು. ಸೇನೆಯ ವೈದ್ಯರು ಆ ಕಾಲದ 1,925 ಸೈನಿಕರ ಕಾಯಿಲೆಯನ್ನು ನೋಡಿ 1969ರಲ್ಲಿ ಬರೆದ ಪ್ರಬಂಧವನ್ನು ಈ ವಿಷಯ ಓದುವವರು ಇಂದಿಗೂ ಓದುತ್ತಾರೆ. ಅವರೆಲ್ಲ ಗಟ್ಟಿಮುಟ್ಟಾದ ಸೈನಿಕರು. ಫಿಟ್‌ನೆಸ್ ಕಾಯಿಲೆಯನ್ನು ತಡೆಯುವುದಿಲ್ಲ. ಇನ್ನೂ ಒಂದು ಮಾತು ಹೇಳಬೇಕು ಅಂದ್ರೆ ಫಿಟ್ ಇರುವವರದೇ ಜಾಸ್ತಿ ತಾಪತ್ರಯ. ಬೇಗ ಬೇಗ ಹತ್ತುತ್ತಾರೆ, ಮೊದಲು ಕ್ಯಾಂಪ್ ತಲುಪಿ ಟೆಂಟ್ ಹಾಕುತ್ತಾರೆ, ಸಂಜೆ ತಲೆ ಸಿಡಿಯುತ್ತಿದ್ದರೂ ಮರ್ಯಾದೆಗೆ ಅಂಜಿ ಸುಮ್ನೆ ಕೂರುತ್ತಾರೆ. ಒಮ್ಮೆ ಎತ್ತರದಲ್ಲಿ ಕಾಯಿಲೆ ಬಿದ್ದವರು ಅಷ್ಟೇ ವೇಗದಲ್ಲಿ ಹತ್ತಿದರೆ ಮತ್ತೆ ಬೀಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ನಿಮ್ಮ ತಂಡದಲ್ಲಿ ನನಗೆ ಮೊದಲ ಚಿಂತೆ ಅವನದೇ, ಚಿಕ್ಕಪ್ಪನದಲ್ಲ.

ಕುಮಾರಪರ್ವತ ಹತ್ತಿದ್ದು ಒಳ್ಳೆಯದೇ ಆಯಿತು. ಮಂಡಿ, ತೊಡೆ, ಬ್ಯಾಗಿನ ಪಟ್ಟಿ, ಶೂ ಎಲ್ಲದರ ಪರೀಕ್ಷೆ ಆಗುತ್ತದೆ. ಕೊಂಗ್ಮಾರು ಲಾದಿಂದ ಆ ಕಡೆ ಇಳಿಯುವಾಗ ಆ ಮಂಡಿ ನಿಮಗೆ ಬೇಕು. ಆದರೆ ಅದರ ತುದಿ 1,712 ಮೀಟರ್. ಲೇಹ್ ವಿಮಾನ ನಿಲ್ದಾಣವೇ 3,200ರ ಮೇಲಿದೆ. ಕರ್ನಾಟಕದ ಯಾವ ಬೆಟ್ಟ ಹತ್ತಿದರೂ ಎತ್ತರಕ್ಕೆ ದೇಹ ಒಗ್ಗುವುದಿಲ್ಲ, ಮುಳ್ಳಯ್ಯನಗಿರಿಯಲ್ಲೇ ಮನೆ ಮಾಡಿಕೊಂಡಿದ್ದರೂ ಅಷ್ಟೇ.

ಈಗ ಕ್ಯಾಲೆಂಡರ್. ಪರ್ವತ ವೈದ್ಯಕೀಯದಲ್ಲಿ ಎಲ್ಲರೂ ಒಪ್ಪುವ ಒಂದು ನಿಯಮ ಇದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಂದು ದಿನ ಏರದೆ ಇರಬೇಕು. ಗಮನಿಸಿ, ಮಲಗುವ ಜಾಗ. ಹಗಲು ಮೇಲೆ ಹೋಗಿ ಕೆಳಗೆ ಬಂದು ಮಲಗಿದರೆ ಒಳ್ಳೆಯದೇ.

ನಿಮ್ಮ ಪಟ್ಟಿಯಲ್ಲಿ ಸ್ಕಿಯು 3,400ರ ಸುಮಾರು, ಮಾರ್ಖಾ ಹಳ್ಳಿ 3,800ರ ಹತ್ತಿರ, ಹಂಕರ್ 4,000. ಇಲ್ಲಿಯವರೆಗೆ ಚೆನ್ನಾಗಿದೆ. ಆಮೇಲೆ ಹಂಕರ್‌ನಿಂದ ಒಂದೇ ಏಟಿಗೆ ನಿಮಾಲಿಂಗ್, ಸುಮಾರು 4,800. ಒಂದೇ ರಾತ್ರಿಗೆ 800 ಮೀಟರ್. ಈ ಟ್ರೆಕ್‌ನಲ್ಲಿ ಜನ ಮಲಗುವುದು, ಅಂದರೆ ಹಾಸಿಗೆ ಹಿಡಿಯುವುದು, ಸಾಮಾನ್ಯವಾಗಿ ನಿಮಾಲಿಂಗ್‌ನಲ್ಲೇ. ವಿಶಾಲವಾದ ಹುಲ್ಲುಗಾವಲು, ಎದುರಿಗೆ ಕಾಂಗ್ ಯಾತ್ಸೆ ಶಿಖರ, ಕುರಿ, ಯಾಕ್, ಫೋಟೋಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಲ್ಲಿ ರಾತ್ರಿ ಕಾಯಿಲೆ ಬಿದ್ದರೆ ಸಿಕ್ಕಿಹಾಕಿಕೊಂಡಂತೆ. ಮುಂದಿನ ದಾರಿ ಇಳಿಜಾರಲ್ಲ. ಮೊದಲು ನಾನೂರು ಮೀಟರ್ ಹತ್ತಿ ಪಾಸ್ ದಾಟಬೇಕು, ಆಮೇಲೆ ಇಳಿಯಬೇಕು. "ಹೇಗೋ ಪಾಸ್ ದಾಟಿಸಿಬಿಟ್ಟರೆ ಆ ಕಡೆ ರಸ್ತೆ ಹತ್ತಿರ" ಅಂತ ಹುಷಾರಿಲ್ಲದವರನ್ನು ಮೇಲಕ್ಕೆ ನಡೆಸಿಕೊಂಡು ಹೋಗುವವರಿದ್ದಾರೆ. ದಯವಿಟ್ಟು ಬೇಡ. ನಿಮಾಲಿಂಗ್‌ನಲ್ಲಿ ಕಾಯಿಲೆ ಬಿದ್ದವರಿಗೆ ದಾರಿ ಒಂದೇ, ಬಂದ ದಾರಿಯಲ್ಲೇ ಕೆಳಕ್ಕೆ.

ಪರಿಹಾರ ಕಷ್ಟದ್ದಲ್ಲ. ಹಂಕರ್ ದಾಟಿ ಥಾಚುಂಗ್ಸೆ ಅಂತ ಒಂದು ಕ್ಯಾಂಪ್ ಜಾಗ ಇದೆ, 4,200ರ ಸ್ವಲ್ಪ ಮೇಲೆ. ಹಂಕರ್ ಬದಲು ಅಲ್ಲಿ ಮಲಗಿದರೆ ಏರು ಐನೂರು ಚಿಲ್ಲರೆಗೆ ಇಳಿಯುತ್ತದೆ. ಅಲ್ಲಿ ನಿಲ್ಲುವ ವ್ಯವಸ್ಥೆ ಏನಿದೆ ಅಂತ ಲೇಹ್‌ನಲ್ಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಹಂಕರ್‌ನಲ್ಲೇ ಎರಡು ರಾತ್ರಿ ಇರಿ. ಮತ್ತೆ ಆ ಶಾಪಿಂಗ್ ದಿನವನ್ನು ಕೊನೆಯಿಂದ ಎತ್ತಿ ಶುರುವಿಗೆ ಹಾಕಿ. ಲೇಹ್‌ನಲ್ಲಿ ಮೂರು ರಾತ್ರಿ ಮಲಗಿ ಮಂಗಳವಾರ ಹೊರಡಿ. ಪಶ್ಮಿನಾ ಶಾಲು, ಏಪ್ರಿಕಾಟ್ ಎಲ್ಲ ಭಾನುವಾರ ಸೋಮವಾರವೇ ನಿಧಾನಕ್ಕೆ ನಡೆದಾಡುತ್ತ ಕೊಂಡುಕೊಳ್ಳಿ, ಅದಕ್ಕಿಂತ ಒಳ್ಳೆಯ ವ್ಯಾಯಾಮ ಆ ಎರಡು ದಿನಕ್ಕೆ ಇಲ್ಲ. ಆದರೆ ಇಷ್ಟಕ್ಕೇ ನಿಮ್ಮ ಒಂಬತ್ತು ದಿನವೂ ಭರ್ತಿ ಆಯಿತು, ಹುಷಾರಿಲ್ಲದಾಗ ನಿಲ್ಲಲು ಒಂದು ದಿನವೂ ಉಳಿಯುವುದಿಲ್ಲ. ಹಾಗಾಗಿ ಇನ್ನೆರಡು ದಿನ ರಜೆ ಕೇಳಿ. ಸಿಗಲ್ಲ ಅಂದ್ರೆ ಪಾಸ್ ಬಿಟ್ಟುಬಿಡಿ. ಹಂಕರ್‌ವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೂ ಕಣಿವೆಯ ಚಂದ ಮುಕ್ಕಾಲು ಪಾಲು ನೋಡಿದಂತೆಯೇ. ಅದೂ ಬೇಡ ಅಂದರೆ ಲಿಕಿರ್‌ನಿಂದ ತೆಮಿಸ್‌ಗಾಮ್‌ವರೆಗಿನ ಶಾಮ್ ಕಣಿವೆ ಇದೆ. ಅದನ್ನು ಬೇಬಿ ಟ್ರೆಕ್ ಅಂತ ಕರೆಯುವುದರಿಂದ ನಮ್ಮ ಹುಡುಗರಿಗೆ ಅವಮಾನ ಆಗುತ್ತೆ, ಆದರೆ ಹಳ್ಳಿಯಿಂದ ಹಳ್ಳಿಗೆ ಹೋಗುವ ದಾರಿ, ಎಲ್ಲೂ 4,000 ದಾಟುವುದಿಲ್ಲ, ರಸ್ತೆ ಯಾವಾಗಲೂ ಹತ್ತಿರ.

ಭಾನುವಾರದ ಖರ್ದುಂಗ್ ಲಾ ತೆಗೆದುಹಾಕಿ. ಹಳೆಯ ಬೋರ್ಡಿನಲ್ಲಿ, ಟೀ ಶರ್ಟಿನಲ್ಲಿ 18,380 ಅಡಿ ಅಂತ ಬರೆದಿರುವುದು ಉತ್ಪ್ರೇಕ್ಷೆ, ನಿಜವಾದ ಎತ್ತರ ಸುಮಾರು 5,359 ಮೀಟರ್. ಅದೇನೂ ಕಡಿಮೆಯಲ್ಲ. ಬಂದಿಳಿದ ಮರುದಿನವೇ ಅಲ್ಲಿಗೆ ಹೋಗಿ, ಫೋಟೋಗೆ ಕುಣಿದು, ಸಂಜೆ ತಲೆ ಹಿಡಿದುಕೊಂಡು ಬರುವವರನ್ನು ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಯವರು ಸೀಸನ್ ಪೂರ್ತಿ ನೋಡುತ್ತಾರೆ.

"ಹಾಗಾದ್ರೆ ವಿಮಾನ ಬೇಡ, ರಸ್ತೆಯಲ್ಲೇ ಹೋಗ್ತೇವೆ" ಅಂತ ಯಾರಾದರೂ ಹೇಳಬಹುದು. ಅದು ಅರ್ಧ ಸತ್ಯ. ಶ್ರೀನಗರದಿಂದ ಹೋಗಿ ಕಾರ್ಗಿಲ್‌ನಲ್ಲಿ (ಸುಮಾರು 2,700 ಮೀಟರ್) ಒಂದು ರಾತ್ರಿ ಮಲಗಿದರೆ ಖಂಡಿತ ಒಳ್ಳೆಯದು. ಮನಾಲಿ ಕಡೆಯಿಂದ ಹೋಗಿ ಸರ್ಚುನಲ್ಲಿ ಮಲಗಿದರೆ ನೀವು ಲೇಹ್‌ಗಿಂತ ಎಂಟುನೂರು ಮೀಟರ್ ಮೇಲೆ, ದೇಹ ಒಗ್ಗುವ ಮೊದಲೇ, ಆಸ್ಪತ್ರೆಯಿಂದ ದೂರ ಮಲಗಿದ ಹಾಗೆ.

ಈಗ ಮಾತ್ರೆಗೆ ಬರೋಣ. ಡಯಾಮಾಕ್ಸ್ ಅಂದರೆ ಅಸೆಟಾಝೋಲಮೈಡ್. ಕಿಡ್ನಿ ಎರಡು ಮೂರು ದಿನದಲ್ಲಿ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತದೆ, ಹೀಗಾಗಿ ನಿದ್ದೆಯಲ್ಲೂ ಉಸಿರಾಟ ಚೆನ್ನಾಗಿರುತ್ತದೆ. "ಅದು ಕಾಯಿಲೆಯನ್ನು ಮುಚ್ಚಿಡುತ್ತೆ, ಒಳಗೊಳಗೇ ಜಾಸ್ತಿ ಆಗುತ್ತೆ" ಅನ್ನುವ ಮಾತು ಸುಳ್ಳು. ಲಕ್ಷಣ ಮುಚ್ಚಿಡುವ ಆಪಾದನೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್‌ಗೆ ಸಲ್ಲಬೇಕು, ಅದನ್ನು ಸುಮ್ನೆ ಮುಂಜಾಗ್ರತೆಗೆ ಅಂತ ನುಂಗಿಕೊಂಡು ಹತ್ತಬೇಡಿ. ನೀವು ನೇರವಾಗಿ 3,500ಕ್ಕೆ ಹಾರುತ್ತಿರುವುದರಿಂದ ಡಯಾಮಾಕ್ಸ್ ತಗೊಳ್ಳುವುದಕ್ಕೆ ನನ್ನ ಒಪ್ಪಿಗೆ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ಬೆಳಿಗ್ಗೆ ಒಂದು ಸಂಜೆ ಒಂದು, ವಿಮಾನ ಹತ್ತುವ ಹಿಂದಿನ ದಿನದಿಂದ. ನಮ್ಮಲ್ಲಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಿಕೊಳ್ಳಬೇಕು. ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ಸೋಡಾ, ಕೋಲಾ ಸಪ್ಪೆ ಆಗುತ್ತವೆ. ಇದೆಲ್ಲ ಹೆದರುವಂಥದ್ದಲ್ಲ. ಸಲ್ಫಾ ಔಷಧಿ ಅಲರ್ಜಿ ಇದ್ದವರು, ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೊರಡುವ ಎರಡು ವಾರ ಮೊದಲು ಒಂದು ಭಾನುವಾರ ಊರಲ್ಲೇ ಒಂದೆರಡು ಡೋಸ್ ತಗೊಂಡು ನೋಡಿ, ಆಗದವರಿಗೆ ಅಲ್ಲೇ ಗೊತ್ತಾಗಲಿ. ಆದರೆ ಡಯಾಮಾಕ್ಸ್ ತಗೊಂಡಿದ್ದೇವೆ ಅಂತ ಹಂಕರ್‌ನಿಂದ ನಿಮಾಲಿಂಗ್‌ಗೆ ಹಾರುವ ಪರವಾನಗಿ ಸಿಕ್ಕಿತು ಅಂದುಕೊಳ್ಳಬೇಡಿ. ಕಾಯಿಲೆಯ ಸಾಧ್ಯತೆ ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ.

ಆಕ್ಸಿಜನ್ ಕ್ಯಾನ್ ಬಗ್ಗೆ ಲೆಕ್ಕ ಹಾಕಿ ನೋಡಿ. ಹತ್ತು ಲೀಟರ್ ಅಂತ ಬರೆದಿರುವ ಕ್ಯಾನ್ ಅನ್ನು ನಿಮಿಷಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ಬಳಸಿದರೆ ಐದೇ ನಿಮಿಷ. ಹುಷಾರಿಲ್ಲದವರಿಗೆ ಬೇಕಾಗುವುದು ಗಂಟೆಗಟ್ಟಲೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದನ್ನು ವಿಮಾನದಲ್ಲಿ ಒಯ್ಯಲೂ ಬಿಡುವುದಿಲ್ಲ, ಸ್ಟವ್‌ನ ಗ್ಯಾಸ್ ಕೂಡ ಬಿಡುವುದಿಲ್ಲ. ಕರ್ಪೂರ ಮೂಗಿಗೆ ಹಿಡಿದರೆ ತಂಪು ಅನ್ನಿಸುತ್ತದೆ, ರಕ್ತದ ಆಕ್ಸಿಜನ್ ಒಂದು ಚೂರೂ ಏರುವುದಿಲ್ಲ. ಅಮರನಾಥ, ಕೈಲಾಸ ಯಾತ್ರೆಗೆ ಹೋಗಿಬಂದ ಹಿರಿಯರು ಕೊಟ್ಟು ಕಳಿಸಿದರೆ ಜೇಬಲ್ಲಿಟ್ಟುಕೊಳ್ಳಿ, ಅವರ ಸಮಾಧಾನಕ್ಕೆ. ಬೆಳ್ಳುಳ್ಳಿ ಸೂಪ್ ರುಚಿಗೆ ಕುಡಿಯಿರಿ. "ದಿನಕ್ಕೆ ಆರು ಲೀಟರ್ ನೀರು ಕುಡಿ" ಅನ್ನುವುದೂ ಬೇಡ. ಬಾಯಾರಿದಷ್ಟು ಮತ್ತು ಸ್ವಲ್ಪ ಜಾಸ್ತಿ ಸಾಕು. ಅತಿಯಾಗಿ ಬರೀ ನೀರು ಕುಡಿದು ರಕ್ತದ ಸೋಡಿಯಂ ಇಳಿದರೆ ಆಗಲೂ ತಲೆನೋವು, ವಾಂತಿಯೇ ಬರುವುದು. ಮೊದಲ ಎರಡು ಮೂರು ರಾತ್ರಿ ಹೆಂಡ ಬೇಡ, ನಿದ್ದೆ ಮಾತ್ರೆಯೂ ಬೇಡ. ಕಾಫಿ? ದಿನಾ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವವರು "ಅಲ್ಲಿ ಕಾಫಿ ಒಳ್ಳೆಯದಲ್ಲವಂತೆ" ಅಂತ ಒಮ್ಮೆಗೇ ಬಿಟ್ಟರೆ ಎರಡನೇ ದಿನ ತಲೆ ಸಿಡಿಯುತ್ತೆ, ಅದನ್ನು ಎತ್ತರದ ತಲೆನೋವು ಅಂತ ಎಲ್ಲರೂ ಗಾಬರಿ ಬೀಳ್ತಾರೆ. ಡಿಕಾಕ್ಷನ್ ಪುಡಿ ಒಯ್ಯಿರಿ, ಎಂದಿನಂತೆ ಕುಡಿಯಿರಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದಿರಲಿ, ಆದರೆ ಅದನ್ನು ಸ್ಕೋರ್‌ಬೋರ್ಡ್ ಮಾಡಬೇಡಿ. ಲೇಹ್‌ನಲ್ಲಿ ಮೊದಲ ದಿನ 85ರಿಂದ 90 ಬರುವುದು ಸಾಮಾನ್ಯ. ಕೈ ತಣ್ಣಗಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಅಂಕಿ ನೋಡುವುದಕ್ಕಿಂತ ಮುಖ ನೋಡಿ.

ಇನ್ನು ನಿಮ್ಮ ಒಪ್ಪಂದದ ವಿಷಯ, ನಾನು ಜಾಸ್ತಿ ಹೇಳಬೇಕಾಗಿರುವುದು ಇದನ್ನೇ. ನೇಪಾಳದಲ್ಲಿ ಟ್ರೆಕ್ಕಿಂಗ್ ಸಾವುಗಳನ್ನು ಅಧ್ಯಯನ ಮಾಡಿದ ವೈದ್ಯರು ಒಂದು ವಿಚಿತ್ರ ಕಂಡರು: ಎತ್ತರದ ಕಾಯಿಲೆಯಿಂದ ಸತ್ತವರಲ್ಲಿ ಒಬ್ಬೊಬ್ಬರೇ ತಿರುಗುವವರಿಗಿಂತ ವೇಳಾಪಟ್ಟಿ ಹಾಕಿಕೊಂಡು ಗುಂಪಿನಲ್ಲಿ ಹೋದವರೇ ಜಾಸ್ತಿ. ಒಬ್ಬನೇ ಹೋದವನಿಗೆ ತಲೆನೋವು ಬಂದರೆ ಒಂದು ದಿನ ನಿಲ್ಲುತ್ತಾನೆ. ಗುಂಪಿನಲ್ಲಿರುವವನು ನಿಲ್ಲುವುದಿಲ್ಲ. ಎಲ್ಲರೂ ದುಡ್ಡು ಹಾಕಿದ್ದಾರೆ, ರಜೆ ತಗೊಂಡಿದ್ದಾರೆ, ನನ್ನಿಂದ ಹಾಳಾಗಬಾರದು ಅಂತ ಎರಡು ಕ್ರೋಸಿನ್ ನುಂಗಿ ನಗುತ್ತ ನಡೆಯುತ್ತಾನೆ. ಕಾಯಿಲೆ ಮುಚ್ಚಿಡುವುದು ಡಯಾಮಾಕ್ಸ್ ಅಲ್ಲ, ನಾವು.

ಒಂದು ತಂಡದ ಜೊತೆ ವೈದ್ಯನಾಗಿ ಹೋಗಿದ್ದಾಗ ನಡೆದದ್ದು ಹೇಳುತ್ತೇನೆ. ಎತ್ತರದ ಕ್ಯಾಂಪ್, ಸಂಜೆ ಹೊತ್ತು. ಒಬ್ಬ ಹುಡುಗ ಟೆಂಟ್ ಬಾಗಿಲಲ್ಲಿ ಕೂತು ಶೂ ಲೇಸ್ ಕಟ್ಟುತ್ತಿದ್ದ. ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ, ಆಮೇಲೆ ದಪ್ಪ ಗ್ಲೌಸ್ ಹಾಕಿಕೊಂಡೇ ಕಟ್ಟಲು ನೋಡಿದ. ಗೆಳೆಯರು ರೇಗಿಸುತ್ತಿದ್ದರು, ಅವನೂ ನಗುತ್ತಿದ್ದ. ಕೇಳಿದರೆ "ಚಳಿ ಸರ್, ಅಷ್ಟೇ" ಅಂದ. ಟ್ರೆಕ್ಕಿಂಗ್ ಕೋಲಿನಿಂದ ಮಣ್ಣಿನಲ್ಲಿ ಹತ್ತಡಿ ಗೆರೆ ಎಳೆದು, ಅದರ ಮೇಲೆ ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ನಡಿ ಅಂದೆ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ಬಿದ್ದ. ಅದು ಚಳಿಯಲ್ಲ, ಮೆದುಳಿನಲ್ಲಿ ನೀರು ಸೇರಿ ಊದಿಕೊಳ್ಳುವುದರ ಶುರು. ಡೆಕ್ಸಾಮೆಥಾಸೋನ್ ಕೊಟ್ಟು, ಆ ರಾತ್ರಿಯೇ ಕುದುರೆ ಮೇಲೆ ಕೂರಿಸಿ, ಅಕ್ಕಪಕ್ಕ ಇಬ್ಬರು ಹಿಡಿದುಕೊಂಡು ಇಳಿಸಿದೆವು. ಐನೂರು ಮೀಟರ್ ಕೆಳಗೆ ಬರುವಷ್ಟರಲ್ಲಿ ಹಸಿವು ಅಂದ.

ಈ ಪರೀಕ್ಷೆ ಕಲಿಯಲು ಡಾಕ್ಟರ್ ಆಗಬೇಕಿಲ್ಲ. ಮಾರ್ಖಾದಿಂದ ಮುಂದೆ ದಿನಾ ಸಂಜೆ ಏಳೂ ಜನ ಗೆರೆ ಮೇಲೆ ನಡೆಯಿರಿ, ತಮಾಷೆಯಾಗೇ ನಡೆಯಿರಿ. ಪ್ರತಿಯೊಬ್ಬರನ್ನೂ ಕೇಳಿ: ತಲೆನೋವು ಇದೆಯಾ, ಊಟ ಸೇರಿತಾ, ವಾಕರಿಕೆ ಇದೆಯಾ, ಸುಸ್ತು ಎಷ್ಟು, ತಲೆ ಸುತ್ತುತ್ತಾ. ನಿದ್ದೆ ಬರಲಿಲ್ಲ ಅನ್ನುವುದನ್ನು ಲೆಕ್ಕಕ್ಕೆ ಇಡಬೇಡಿ. ಮೇಲೆ ಯಾರಿಗೂ ಸರಿಯಾಗಿ ನಿದ್ದೆ ಬರಲ್ಲ. ವೈದ್ಯರು ಬಳಸುವ ಲೇಕ್ ಲೂಯಿಸ್ ಪಟ್ಟಿಯಿಂದಲೂ 2018ರಲ್ಲಿ ಅದನ್ನು ತೆಗೆದರು. ರಾತ್ರಿ ಪಕ್ಕದವನ ಉಸಿರು ಹತ್ತು ಸೆಕೆಂಡ್ ನಿಂತು ಮತ್ತೆ ಜೋರಾಗಿ ಶುರುವಾದರೂ ಹೆದರಬೇಡಿ, ಆ ಎತ್ತರದಲ್ಲಿ ಅದು ಸಹಜ.

ತಲೆನೋವಿನ ಜೊತೆ ಇನ್ನೊಂದು ಲಕ್ಷಣ ಸೇರಿದರೆ ಆ ದಿನ ಮೇಲೆ ಹೋಗುವಂತಿಲ್ಲ, ಇಡೀ ತಂಡ ಅಲ್ಲೇ. ಪ್ಯಾರಸಿಟಮಾಲ್, ಊಟ, ವಿಶ್ರಾಂತಿ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ. ಜಾಸ್ತಿ ಆದರೆ ಕೆಳಕ್ಕೆ. ಗೆರೆ ಮೇಲೆ ನಡೆಯಲಾಗದಿದ್ದರೆ, ಮಾತು ತಡವರಿಸಿದರೆ, ಅಥವಾ ಕೂತಲ್ಲೇ ಏದುಸಿರು, ಒಣಕೆಮ್ಮು, ತುಟಿ ನೀಲಿ, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಬೆಳಗಾಗುವವರೆಗೂ ಕಾಯುವ ಮಾತೇ ಇಲ್ಲ. ಉಸಿರಿನ ಲಕ್ಷಣಗಳು ಶ್ವಾಸಕೋಶಕ್ಕೆ ನೀರು ತುಂಬುವುದರದ್ದು, ಇದು ತಲೆನೋವೇ ಇಲ್ಲದೆಯೂ ಬರಬಹುದು, ಮೇಲೆ ಹೋದ ಎರಡನೇ ಮೂರನೇ ರಾತ್ರಿ ಜಾಸ್ತಿ. ನಿನ್ನೆಯವರೆಗೆ ಮುಂದಿದ್ದವನು ಇವತ್ತು ಎಲ್ಲರಿಗಿಂತ ಹಿಂದೆ ಬಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕೆಳಗಿಳಿಸುವುದೇ ಔಷಧಿ. ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್, ಶ್ವಾಸಕೋಶದ ನೀರಿಗೆ ನಿಫೆಡಿಪಿನ್ ಕಿಟ್‌ನಲ್ಲಿರಲಿ, ಯಾವುದು ಯಾವಾಗ ಎಷ್ಟು ಅಂತ ನಿಮ್ಮ ವೈದ್ಯರಿಂದ ಬರೆಸಿಕೊಂಡು ಒಯ್ಯಿರಿ, ಆದರೆ ಅವು ಇಳಿಯುವಾಗ ಕೊಡುವಂಥವು, ಇಳಿಯುವುದರ ಬದಲಿಗೆ ಅಲ್ಲ.

ಯಾರು ಇಳಿಸುತ್ತಾರೆ ಅನ್ನುವುದನ್ನು ದಾವಣಗೆರೆಯಲ್ಲೇ ತೀರ್ಮಾನ ಮಾಡಿ. ಮೇಲೆ ಹೋದ ಮೇಲೆ ಚಳಿ, ಹಸಿವು, ಪಾಸ್ ಎದುರಿಗೇ ಕಾಣುತ್ತಿರುತ್ತದೆ, ಆಗ ಯಾರಿಗೂ ನ್ಯಾಯವಾಗಿ ಯೋಚಿಸಲು ಆಗುವುದಿಲ್ಲ. ಹುಷಾರಿಲ್ಲದವರ ಜೊತೆ ಕನಿಷ್ಠ ಇಬ್ಬರು ಹೋಗಬೇಕು, ಅವರ ಹೆಸರು ಈಗಲೇ ಬರೆದಿಡಿ. ನಿಮ್ಮಂಥ ಸಣ್ಣ ತಂಡಕ್ಕೆ ನನ್ನ ಸಲಹೆ ಇನ್ನೂ ನೇರ: ಪಾಸ್‌ಗೆ ಮೊದಲು ಒಬ್ಬರು ವಾಪಸ್ ಆದರೆ ಏಳೂ ಜನ ವಾಪಸ್. ಹಾಗಂದ ಕೂಡಲೇ ಯಾರಾದರೊಬ್ಬರು ಮುಖ ಸಿಂಡರಿಸುತ್ತಾರೆ. ಅವರ ಜೊತೆ ಈಗಲೇ ಜಗಳ ಆಡಿ ಮುಗಿಸಿಬಿಡಿ, ನಿಮಾಲಿಂಗ್‌ನಲ್ಲಿ ಆಡುವುದಕ್ಕಿಂತ ಅದು ವಾಸಿ.

ಹಾಗಾಗಿಯೇ ಗೈಡ್ ಬೇಕು ಅನ್ನುತ್ತೇನೆ. ದಾರಿ ತೋರಿಸಲಿಕ್ಕಲ್ಲ, ಮಾರ್ಖಾದಲ್ಲಿ ದಾರಿ ತಪ್ಪುವುದು ಕಡಿಮೆ. ಮಧ್ಯರಾತ್ರಿ ಕುದುರೆ ಯಾರ ಹತ್ತಿರ ಸಿಗುತ್ತೆ, ಜೀಪ್ ರಸ್ತೆ ಈ ವರ್ಷ ಎಲ್ಲಿಯವರೆಗೆ ಬಂದಿದೆ, ಯಾವ ಹೊಳೆ ಮಧ್ಯಾಹ್ನದ ಮೇಲೆ ದಾಟಬಾರದು ಅನ್ನುವುದು ಅವರಿಗೆ ಗೊತ್ತು. ಆಗಸ್ಟ್‌ನಲ್ಲಿ ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ನೀರು ಏರುತ್ತದೆ, ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು. ಫೋನ್ ವಿಷಯ: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ವಿದೇಶದಲ್ಲಿರುವ ಗೆಳೆಯ ಸ್ಯಾಟಲೈಟ್ ಮೆಸೆಂಜರ್ ಕೊಡ್ತೇನೆ ಅಂದರೆ ಬೇಡ ಅನ್ನಿ, ಅನುಮತಿ ಇಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಕೇಸ್ ಆಗುತ್ತದೆ.

ಎತ್ತರದ ಕಾಯಿಲೆ ಒಂದೇ ಅಪಾಯವಲ್ಲ ಅನ್ನುವುದು ನಮ್ಮವರಿಗೆ ಬೇರೆ ಹೇಳಬೇಕಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಹಿಮಗಾಳಿಗೆ ಸಿಕ್ಕಿದ 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರೇ, ಒಂಬತ್ತು ಜನ ತೀರಿಹೋದರು. ಲಡಾಖ್ ಮಳೆ ನೆರಳಿನ ಪ್ರದೇಶ, ಅಷ್ಟು ಹಿಮ ಆಗಸ್ಟ್‌ನಲ್ಲಿ ಬೀಳುವುದು ಅಪರೂಪ. ಆದರೂ ಒಣ ಉಣ್ಣೆ, ರೇನ್‌ಕೋಟ್, ಟಾರ್ಚ್ ಪ್ರತಿಯೊಬ್ಬರ ಬೆನ್ನಿನ ಚೀಲದಲ್ಲೇ ಇರಬೇಕು, ಹಿಂದೆ ಬರುವ ಕುದುರೆ ಮೇಲೆ ಅಲ್ಲ.

ಉಳಿದ ಸಾಮಾನು ಮಾತ್ರ ಖಂಡಿತ ಕುದುರೆಗೆ ಕೊಡಿ. ಭಾರ ಹೊತ್ತು ಏದುಸಿರು ಬಿಟ್ಟರೆ ಕಾಯಿಲೆ ಬೇಗ ಹಿಡಿಯುತ್ತದೆ. ಹಳ್ಳಿಗಳಲ್ಲಿ ಹೋಂಸ್ಟೇ, ನಿಮಾಲಿಂಗ್‌ನಲ್ಲಿ ಸೀಸನ್‌ನಲ್ಲಿ ಟೆಂಟ್ ಸಿಗುವುದರಿಂದ ಪಾತ್ರೆ ಪಗಡ ಹೊರುವ ಅಗತ್ಯ ಕಡಿಮೆ. ತಿಂಡಿಗೆ ತೆಳು ಅವಲಕ್ಕಿ ಒಯ್ಯಿರಿ. ಆ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯುವುದು ಕಷ್ಟ, ಅವಲಕ್ಕಿಗೆ ಬಿಸಿನೀರು, ಪುಳಿಯೋಗರೆ ಗೊಜ್ಜು ಸಾಕು. ಹಸಿವೇ ಆಗದ ಹೊತ್ತಿನಲ್ಲಿ ಹುಳಿ ಖಾರ ಇದ್ದರೆ ನಾಲ್ಕು ತುತ್ತಾದರೂ ಇಳಿಯುತ್ತದೆ.

ಆಸ್ತಮಾ ಇರುವವರು ಊರಲ್ಲಿ ಹತೋಟಿಯಲ್ಲಿದ್ದರೆ ಹೋಗಬಹುದು. ದಿನದ ಇನ್‌ಹೇಲರ್ ಬಿಡಬಾರದು, ತುರ್ತಿನ ಇನ್‌ಹೇಲರ್ ಎರಡಿರಲಿ, ಒಂದು ಅವರ ಜಾಕೆಟ್ ಒಳಜೇಬಿನಲ್ಲಿ ಮೈಗೆ ತಾಗಿಕೊಂಡೇ ಇರಲಿ. ತಣ್ಣಗಾದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಚಿಕ್ಕಪ್ಪನ ವಯಸ್ಸು ಅಡ್ಡಿಯಲ್ಲ. ಬಿಪಿ ಹತೋಟಿಯಲ್ಲಿದ್ದು, ನಡೆಯುವಾಗ ಎದೆನೋವು, ಉಸಿರುಕಟ್ಟುವಿಕೆ ಇಲ್ಲದಿದ್ದರೆ ಸಾಮಾನ್ಯವಾಗಿ ಹೋಗಬಹುದು. ಮೊದಲ ದಿನಗಳಲ್ಲಿ ಬಿಪಿ ಸ್ವಲ್ಪ ಏರುತ್ತದೆ, ಅದಕ್ಕೆ ಗಾಬರಿಯಾಗಿ ಮಾತ್ರೆ ಹೆಚ್ಚಿಸುವುದೂ ಬೇಡ, ನಿಲ್ಲಿಸುವುದೂ ಬೇಡ. ಆದರೆ 54ರ ಪ್ರಾಯ, ಬಿಪಿ, 5,200 ಮೀಟರ್ ಮೂರೂ ಸೇರಿದಾಗ ಹೊರಡುವ ಒಂದು ತಿಂಗಳ ಮೊದಲು ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್, ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ. ಅವರು ತಗೊಳ್ಳುವ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿದ್ದರೆ ಡಯಾಮಾಕ್ಸ್ ಜೊತೆ ನಿರ್ಜಲೀಕರಣ ಆಗಬಹುದು, ಬೀಟಾ ಬ್ಲಾಕರ್ ಇದ್ದರೆ ಹತ್ತುವಾಗ ಹೃದಯದ ಬಡಿತ ಬೇಕಾದಷ್ಟು ಏರುವುದಿಲ್ಲ. ಮಾತ್ರೆಯ ಹಿಂಬದಿಯ ಫೋಟೋ ತೆಗೆದು, ಟೆಸ್ಟ್ ರಿಪೋರ್ಟ್ ಜೊತೆ ಅವರ ವೈದ್ಯರಿಗೆ ತೋರಿಸಿ. ನನಗೂ ಕಳಿಸಿ, ನೋಡಿ ಹೇಳುತ್ತೇನೆ.